ಕೌದಿಗೆ ತಲೆ ಯಾವ ಕಡೆ

ಚೌಕಾಸಿಯಲ್ಲಿ ನನ್ನದೊಂದು ನಿಯಮವಿದೆ. ಬೇಕಾದದ್ದನ್ನು ಮೊದಲು ಕೇಳಬಾರದು. ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನ ಮಾಳಿಗೆ ನನಗೆ ಪಾಠದ ಜಾಗವಾಗಿ ಸಿಕ್ಕಿದ್ದು ಹಾಗೆಯೇ. ಮಾಲೀಕರ ಹತ್ತಿರ ಹೋಗಿ ಮೊದಲು ಕೇಳಿದ್ದು ಕೆಳಗಿನ ಕಟಿಂಗ್ ಟೇಬಲ್ಲು. ಕೊಡುವುದಿಲ್ಲ ಅಂತ ಗೊತ್ತಿದ್ದೇ ಕೇಳಿದೆ. ಆಮೇಲೆ ಅವರ ಆಫೀಸು ಕೋಣೆ ಕೇಳಿದೆ. ಅವರ ಮುಖ ಸಣ್ಣಗಾಯಿತು. ಎರಡು ಸಲ ಇಲ್ಲ ಅಂದ ಮನುಷ್ಯನಿಗೆ ಮೂರನೆಯ ಸಲ ಏನಾದರೂ ಕೊಡಬೇಕು ಅನ್ನಿಸುತ್ತದೆ. ಬೇಕಾದರೆ ಭಾನುವಾರ ಮಾಳಿಗೆಯ ಮೇಲೆ ಕೂತುಕೊಳ್ಳಿರಿ ಅಂತ ಅವರೇ ಹೇಳಿದರು. ನಾನು ಏನೋ ಕಳೆದುಕೊಂಡವಳ ಹಾಗೆ ಒಪ್ಪಿಕೊಂಡು ಬಂದೆ. ಬೆಳಕಿನ ಪಾಠ ಮಾಡುವವಳಿಗೆ ಟ್ಯೂಬ್‌ಲೈಟಿನ ಕೆಳಗಿನ ಟೇಬಲ್ಲು ಯಾಕೆ ಬೇಕು? ನನಗೆ ಬೇಕಾಗಿದ್ದದ್ದು ಬಿಸಿಲು.

ಈ ಬುದ್ಧಿ ನನಗೆ ಯಾವ ಕಾಲೇಜಿನಲ್ಲೂ ಬಂದದ್ದಲ್ಲ. ನಮ್ಮಪ್ಪ ಜೀನ್ಸ್ ಕಟ್‌ಪೀಸ್ ಗಂಟು ಕಟ್ಟಿಕೊಂಡು ಮಡಕಶಿರದ ಸಂತೆಯಲ್ಲಿ ಹರಡುತ್ತಿದ್ದ. ಶಾಲೆ ಇಲ್ಲದ ದಿನ ನಾನು ಗಂಟಿನ ಈಚೆ ತುದಿಯಲ್ಲಿ ಕೂತು ಗಿರಾಕಿಗಳ ಕೈ ನೋಡುತ್ತಿದ್ದೆ. ಬಾಯಿ ಬೇಡ ಅನ್ನುತ್ತಿದ್ದರೂ ಕೈ ಬಟ್ಟೆ ಬಿಡದಿದ್ದರೆ ವ್ಯಾಪಾರ ಮುಗಿದ ಹಾಗೆ. ಹಾಸ್ಟೆಲಿನ ಕಿಟಕಿ ಪಕ್ಕದ ಮಂಚ, ಲ್ಯಾಬಿನಲ್ಲಿ ಬೆಳಗಿನ ಹೊತ್ತು ಯಂತ್ರ ಬಳಸುವ ಸರದಿ, ಎಲ್ಲವನ್ನೂ ನಾನು ಸಂಪಾದಿಸಿದ್ದು ಆ ಗಂಟಿನ ಮುಂದೆ ಕಲಿತದ್ದರಿಂದ.

ಆಗ ನಾನು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನ್ಯಾನೊ ಅಳತೆಯಲ್ಲಿ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ವಿಷಯ. ಕೇಳಿದವರಿಗೆಲ್ಲ, ಬಣ್ಣ ಹಾಕದೆ ಬಣ್ಣ ಬರಿಸೋದು, ಅನ್ನುತ್ತಿದ್ದೆ. ಹಳೆ ಸಿ.ಡಿ.ಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ಅದಕ್ಕೆ ಯಾರೂ ಬಣ್ಣ ಬಳಿದಿಲ್ಲ. ಕಣ್ಣಿಗೆ ಕಾಣದ ಗೀರುಗಳು ಬೆಳಕನ್ನು ಬಿಡಿಸಿ ಹಂಚುತ್ತವೆ, ಅಷ್ಟೇ. ಅದಕ್ಕಿಂತ ಸಣ್ಣ ಗೀರುಗಳನ್ನು ನಾನು ರೇಷ್ಮೆಯಲ್ಲಿ ಮೂಡಿಸುತ್ತಿದ್ದೆ. ಗೂಡು ಬೇಯಿಸಿ ಅಂಟು ತೆಗೆದು, ಉಳಿದ ನಾರನ್ನು ಕರಗಿಸಿ, ಗೀರುಗಳಿದ್ದ ಅಚ್ಚಿನ ಮೇಲೆ ಹೊಯ್ದು ಒಣಗಿಸಿದರೆ ಗಾಜಿನಂಥ ತೆಳು ಪೊರೆ ಬರುತ್ತದೆ. ಸ್ವಲ್ಪ ಓರೆ ಹಿಡಿದರೆ ಹಸಿರು, ಇನ್ನಷ್ಟು ಓರೆ ಮಾಡಿದರೆ ನೀಲಿ. ಗೂಡು ಬರುತ್ತಿದ್ದದ್ದು ಮಡಕಶಿರದ ಹತ್ತಿರ ಹಿಪ್ಪುನೇರಳೆ ಬೆಳೆಯುವ ನಮ್ಮ ಅತ್ತಿಗೆಯ ತವರಿನಿಂದ. ಅವರಿಗೆ ಹುಳುಮನೆಯ ತೇವ ಅಳೆಯುವ ಒಂದು ಮೀಟರು ತಂದುಕೊಟ್ಟೆ, ಅವರು ನನಗೆ ಆರಿಸಿದ ಗೂಡು ಕೊಟ್ಟರು. ಎರಡೂ ಕಡೆಯವರು ತಾವೇ ಗೆದ್ದೆವು ಅಂದುಕೊಳ್ಳುವ ವ್ಯಾಪಾರವೇ ಒಳ್ಳೆಯ ವ್ಯಾಪಾರ.

ಆದರೆ ಗೂಡು ಒಳ್ಳೆಯದಿದ್ದರೂ ನನ್ನ ಅಳತೆಗಳು ಕೂಡುತ್ತಿರಲಿಲ್ಲ. ಒಂದೇ ಅಚ್ಚು, ಒಂದೇ ರೇಷ್ಮೆ, ಆದರೂ ಪೊರೆಗಳು ಎರಡು ಗುಂಪಾಗಿ ಒಡೆದು ನಿಲ್ಲುತ್ತಿದ್ದವು. ಕೆಲವು ಹೊಳೆದರೆ ಕೆಲವು ಮಂಕು. ಒಣಗಿಸುವುದರಲ್ಲಿ ಏನೋ ಹೆಚ್ಚುಕಮ್ಮಿ ಆಗುತ್ತಿದೆ, ಮಂಕಾದವನ್ನು ಬಿಟ್ಟುಬಿಡು ಅಂದರು ನನ್ನ ಗೈಡು. ಕಟ್‌ಪೀಸ್ ಮಾರುವವನ ಮಗಳಿಗೆ ಬಿಡುವುದು ಅಂದರೆ ಕಷ್ಟ. ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ.

ಇನ್ನು ಅತ್ತಿಗೆ. ಅವಳೂ ನಮ್ಮಣ್ಣನೂ ಮದುವೆಯಾದ ಹೊಸದರಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದವರು. ಬೆಳಗಾದರೆ ಕಾಲರು, ಸಂಜೆಯಾದರೆ ಕಾಲರು. ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ಟುಗಳು ಒಂದರ ಪಕ್ಕ ಒಂದು ತೆರೆದಾಗ, ಅಲ್ಲಿನ ಬಾಡಿಗೆಗೆ ದುಡಿಯುವುದಕ್ಕಿಂತ ಇಲ್ಲೇ ಇರೋಣ ಅಂತ ಬಂದರು. ಇಲ್ಲಿ ಅವಳ ಪಾಲಿಗೆ ಬಂದದ್ದು ಪ್ಯಾಂಟಿನ ಕಾಲು ಕೂಡಿಸುವ ಮಶೀನು. ಕತ್ತು ಬಗ್ಗಿಸಿ ಬಗ್ಗಿಸಿ, ಮನೆಗೆ ಬಂದರೂ ಕತ್ತು ಮೇಲೆ ಬರುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು.

ಆ ಯೂನಿಟ್ಟಿನಲ್ಲಿ ಕತ್ತೆತ್ತಿ ಮಾಡುವ ಕೆಲಸ ಒಂದೇ ಇತ್ತು, ಶೇಡ್ ಚೆಕರು. ಉತ್ತರದ ಕಿಟಕಿಯ ಹತ್ತಿರ ನಿಂತು, ಬಂದ ಬಟ್ಟೆಯ ರೋಲುಗಳಲ್ಲಿ ಯಾವುದು ಯಾವುದರ ಜೊತೆ ಬಣ್ಣದಲ್ಲಿ ಕೂಡುತ್ತದೆ ಅಂತ ಹೇಳಬೇಕು. ಆ ಜಾಗಕ್ಕೆ ಹತ್ತನೆ ಕ್ಲಾಸು ಪಾಸಾದವರೇ ಬೇಕು ಅಂತ ಪ್ಯಾಂಟು ಕೊಳ್ಳುವ ಕಂಪನಿಯವರು ಹೇಳಿದ್ದರು. ಅತ್ತಿಗೆ ಮದುವೆಗೆ ಮುಂಚೆ ಒಂಬತ್ತಕ್ಕೆ ನಿಲ್ಲಿಸಿದವಳು.

"ನಾನೂ ಒಂದು ಕಿತ ಕಿಟಕಿಯಾಗೆ ನೋಡ್ಕಂಡು ಕೆಲ್ಸ ಮಾಡ್ಬೇಕು ಕಣೆ," ಅಂದಳು ನನಗೆ. "ಸೂಜಿ ಚುಚ್ಚಕ್ ಬರದ ಡಾಕ್ಟ್ರಮ್ಮ ಆಗ್ತಾ ಇದೀಯಲ್ಲ, ನಂಗೊಂದು ಸೈನ್ಸ್ ಪಾಸು ಮಾಡ್ಸು."

ಮಾಳಿಗೆಯ ಕ್ಲಾಸು ಶುರುವಾದದ್ದು ಅವಳೊಬ್ಬಳಿಗಾಗಿ. ಭಾನುವಾರಕ್ಕೆ ನಾನು ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆಮೇಲೆ ಅವಳ ಲೈನಿನವರು ಬಂದರು. ಗುಮ್ಮಘಟ್ಟದ ಕಡೆಯಿಂದ ಶೇರ್ ಆಟೋದಲ್ಲಿ ಬರುವ, ಕುರಿ ಸಾಕುವ ಮನೆಯ ಒಬ್ಬಾಕೆ ಬಂದಳು. ಮಸೂರ ಅಂದರೆ ದಾರ ಪೋಣಿಸುವಾಗ ಅತ್ತೆ ಹಾಕಿಕೊಳ್ಳುವ ಕನ್ನಡಕ, ವಕ್ರೀಭವನ ಅಂದರೆ ಕೊಡದ ನೀರಿನಲ್ಲಿ ಸೊಟ್ಟಗೆ ಕಾಣುವ ಸೌಟು. ಪಾಠ ಹೇಳುವವರಿಗೆ ನನ್ನ ಸಲಹೆ ಏನೆಂದರೆ, ಮೊದಲು ವಸ್ತು ಕೈಗೆ ಕೊಡಿ, ಹೆಸರು ಆಮೇಲೆ ಹೇಳಿ. ಹೆಸರು ಮೊದಲು ಹೇಳಿದರೆ ಅವರು ಹೆಸರನ್ನೇ ಕಲಿಯುತ್ತಾರೆ.

ಅತ್ತಿಗೆ ಹತ್ತನೆ ಕ್ಲಾಸಿನ ಪರೀಕ್ಷೆ ಖಾಸಗಿಯಾಗಿ ಕಟ್ಟಿ ಪಾಸಾದಳು. ಪಾಸಾದರೆ ನೋಡೋಣ ಅಂದಿದ್ದ ಮಾಲೀಕರು ಮಾತು ತಪ್ಪುವವರಲ್ಲ. ಒಂದು ಆರ್ಡರಿನ ಮಟ್ಟಿಗೆ ಕಿಟಕಿಯ ಹತ್ತಿರ ನಿಲ್ಲಲಿ, ಸರಿಹೋದರೆ ಆ ಜಾಗ ಅವಳದೇ, ಇಲ್ಲವಾದರೆ ಮತ್ತೆ ಮಶೀನು ಅಂದರು.

ಚೆಕರಿನ ಮೊದಲ ಕೆಲಸ ಶೇಡ್ ಕೌದಿ ಹೊಲಿಯುವುದು. ಪ್ರತಿ ರೋಲಿನಿಂದ ಒಂದೊಂದು ತುಂಡು ಕತ್ತರಿಸಿ, ಎಲ್ಲವನ್ನೂ ಸಾಲಾಗಿ ಕೂಡಿಸಿ ಹೊಲಿದು, ಒಂದೇ ನೀರಿನಲ್ಲಿ ಒಗೆದು, ಒಣಗಿಸಿ, ಹಗಲು ಬೆಳಕಿನಲ್ಲಿ ತೂಗುಹಾಕಿ ದೂರದಿಂದ ನೋಡುತ್ತಾರೆ. ಪಕ್ಕಪಕ್ಕ ಇದ್ದಾಗ ಯಾವ ರೋಲು ಕಡು, ಯಾವುದು ತಿಳಿ ಅನ್ನುವುದು ತಾನಾಗಿ ಕಾಣುತ್ತದೆ. ಕಂಪನಿಯವರು ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ. ನಮ್ಮ ಹೆಂಗಸರ ಕಣ್ಣಿಗೆ ಅದು ಕೌದಿಯೇ. ಅತ್ತಿಗೆಗಂತೂ ಕೌದಿ ಅಂದರೆ ತವರಿನ ವಿದ್ಯೆ. ಅವಳ ಅವ್ವ ಹೊಲಿದ ಕೌದಿ ನಾಲ್ಕು ಮೂಲೆ ಹಿಡಿದು ಜಗ್ಗಿದರೆ ಹಲಗೆಯ ಹಾಗೆ ನಿಲ್ಲುತ್ತಿತ್ತು.

ನಾನು ಮುಂದಿನ ಭಾನುವಾರ ಬಸ್ಸಿಳಿದು ಯೂನಿಟ್ಟಿಗೆ ಬಂದಾಗ ಅವಳು ಮಾಳಿಗೆಯ ಗೋಡೆಯ ಮೇಲೆ ಹಾಕಿದ್ದ ಆ ಕೌದಿಯನ್ನು ಮಡಚುತ್ತಿದ್ದಳು. ಪಕ್ಕದಲ್ಲಿದ್ದ ಗುಮ್ಮಘಟ್ಟದವಳು ನಡೆದದ್ದನ್ನು ಹೇಳಿದಳು. ಕೌದಿ ಒಣಗಿದ ಮೇಲೆ ನೋಡಿದರೆ ಅರ್ಧದಷ್ಟು ರೋಲುಗಳು ತಿಳಿ, ಉಳಿದವು ಕಡು. ಮಾಲೀಕರು ಮಿಲ್ಲಿನ ಏಜೆಂಟನನ್ನು ಕರೆಸಿ ಎಲ್ಲರೆದುರು ಬೈದರು. ಏಜೆಂಟು ಸಾವಧಾನವಾಗಿ ರೋಲುಗಳಿಂದ ಹೊಸ ತುಂಡು ಕತ್ತರಿಸಿ, ಒಗೆಸಿ, ಬಿಸಿಲಿನಲ್ಲಿ ಒಂದರ ಪಕ್ಕ ಒಂದು ಇಟ್ಟು ತೋರಿಸಿದ. ಎಲ್ಲವೂ ಒಂದೇ ಬಣ್ಣ. ಮಾಲೀಕರ ಮುಖ ಇಳಿಯಿತು. ಏಜೆಂಟನ ಮುಂದೆ ಇಳಿದ ಮುಖಕ್ಕೆ ಯಾರನ್ನಾದರೂ ಹೊಣೆ ಮಾಡಬೇಕಲ್ಲ. ಒಗೆಯುವುದರಲ್ಲೋ ನೋಡುವುದರಲ್ಲೋ ಈಕೆಯೇ ಎಡವಿದ್ದಾಳೆ ಅಂದರು. ಸೋಮವಾರದಿಂದ ಅತ್ತಿಗೆ ಮತ್ತೆ ಮಶೀನಿಗೆ.

"ನನ್ ಕಣ್ಣೇ ಸರಿಯಿಲ್ಲ ಅಂತವ್ರೆ," ಅಂದಳು ಅತ್ತಿಗೆ, ಕೌದಿ ಬಿಡದೆ.

ಕೆಳಗೆ ಹೋಗಿ ಮಾಲೀಕರ ಹತ್ತಿರ ಜಗಳ ತೆಗೆಯೋಣ ಅನ್ನಿಸಿತು. ಹೋಗಲಿಲ್ಲ. ಕೈಯಲ್ಲಿ ಸರಕಿಲ್ಲದೆ ಚೌಕಾಸಿಗೆ ಕೂತರೆ ಅದು ಬೇಡುವುದಾಗುತ್ತದೆ. ಕೌದಿ ಮತ್ತೆ ಹರಡು ಅಂದೆ. ಅವತ್ತಿನ ಪಾಠ ಅದೇ ಆಯಿತು.

ಎಲ್ಲರೂ ಮಾಳಿಗೆಯ ಇನ್ನೊಂದು ತುದಿಗೆ ಹೋಗಿ ನಿಂತು ನೋಡಿದೆವು. ಬಣ್ಣ ಎರಡಿದ್ದದ್ದು ನಿಜ. ಅತ್ತಿಗೆಯ ಕಣ್ಣಿಗೆ ಏನೂ ಆಗಿರಲಿಲ್ಲ. ಹಾಗಾದರೆ ಏಜೆಂಟು ತೋರಿಸಿದ್ದು? ಅದೂ ನಿಜವೇ, ಎಲ್ಲರೂ ಕಂಡಿದ್ದರು. ಒಗೆದದ್ದು ಒಂದೇ ನೀರಿನಲ್ಲಿ. ನಾನು ಸುಮ್ಮನೆ ಸಾಲನ್ನು ಓದುತ್ತಾ ಹೋದೆ. ತಿಳಿ, ಕಡು, ತಿಳಿ, ಕಡು. ಕೊನೆಯವರೆಗೂ ಹಾಗೆಯೇ. ಅಲ್ಲಿ ನನಗೆ ಗುಮಾನಿ ಬಂತು. ರೋಲುಗಳು ಲಾರಿಯಿಂದ ಇಳಿಯುವಾಗ ಹಮಾಲರು ಕೈಗೆ ಸಿಕ್ಕಿದ್ದನ್ನು ಇಳಿಸುತ್ತಾರೆ. ಬಣ್ಣ ಬೇರೆಯಾಗಿದ್ದರೂ ಅವು ಒಂದು ಬಿಟ್ಟು ಒಂದು ಸರದಿ ಹಿಡಿದು ನಿಲ್ಲುವುದಿಲ್ಲ. ಇಷ್ಟು ಶಿಸ್ತು ರೋಲುಗಳದ್ದಲ್ಲ, ಮನುಷ್ಯರದ್ದು.

ಹೇಗೆ ಕೂಡಿಸಿದೆ ಅಂತ ಅತ್ತಿಗೆಯನ್ನು ಕೇಳಿದೆ. ಬೇಸರದಲ್ಲೂ ಅವಳಿಗೆ ತನ್ನ ಕೈಕೆಲಸದ ಮಾತು ಬಂದರೆ ಹುರುಪು. ಕಟಿಂಗ್ ಮಾಸ್ತರು ಕೊಟ್ಟ ತುಂಡುಗಳು ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಅವಸರದಲ್ಲಿ ಕತ್ತರಿಸಿದ್ದು. ಎಲ್ಲವನ್ನೂ ಒಂದೇ ಕಡೆಗೆ ಇಟ್ಟು ಹೊಲಿದರೆ ಕೌದಿ ಬೀಸಣಿಗೆಯ ಹಾಗೆ ಸೊಟ್ಟಗೆ ತಿರುಗುತ್ತದೆ. ಅದಕ್ಕೆ ಅವಳು ಅವ್ವ ಕಲಿಸಿದ ಹಾಗೆ ಒಂದರ ತಲೆ ಮೇಲೆ, ಇನ್ನೊಂದರ ತಲೆ ಕೆಳಗೆ ಇಟ್ಟು ಹೊಲಿದಿದ್ದಳು. ನೋಡು, ದಾರ ಹಿಡಿದಂಗೆ ನೆಟ್ಟಗೈತೆ, ಅಂತ ಅಂಚು ತೋರಿಸಿದಳು. ನೆಟ್ಟಗೇ ಇತ್ತು.

ಗುಮ್ಮಘಟ್ಟದವಳು ಅಷ್ಟರಲ್ಲಿ ಕೌದಿಯ ಮೇಲೆ ಕೈಯಾಡಿಸುತ್ತಿದ್ದಳು. "ಟೀಚರಮ್ಮ, ಇದ್ರಾಗ ಒಂದು ತುಂಡು ಕುರಿ ಮೈ ಸವರಿದಂಗ ಐತ್ರಿ. ಪಕ್ಕದ್ದು ಕುರಿ ಮೈ ಎದುರು ಸವರಿದಂಗ ಐತಿ."

ಅಲ್ಲಿಗೆ ಗಂಟು ಬಿಚ್ಚಿತು. ಆ ಸಲ ಬಂದದ್ದು ಹೊಸ ನಮೂನೆಯ ಬಟ್ಟೆ, ಮೆತ್ತಗಾಗಲಿ ಅಂತ ಮಿಲ್ಲಿನಲ್ಲಿ ಬ್ರಶ್ ಎಳೆದದ್ದು. ಅದರ ನವಿರು, ಅಂದರೆ ಮೇಲೆದ್ದ ಸಣ್ಣ ಕೂದಲಿನಂಥ ನಾರು, ಒಂದೇ ದಿಕ್ಕಿಗೆ ಮಲಗಿರುತ್ತದೆ. ನವಿರು ಕೆಳಮುಖವಾಗಿದ್ದರೆ ಬೆಳಕು ಜಾರಿ ನಮ್ಮ ಕಣ್ಣಿಗೆ ಬರುತ್ತದೆ, ಬಟ್ಟೆ ತಿಳಿಯಾಗಿ ಕಾಣುತ್ತದೆ. ಮೇಲ್ಮುಖವಾಗಿದ್ದರೆ ಬೆಳಕು ಅದರೊಳಗೆ ಸಿಕ್ಕಿಬೀಳುತ್ತದೆ, ಬಟ್ಟೆ ಕಡುವಾಗಿ ಕಾಣುತ್ತದೆ. ನೇಯ್ಗೆಯ ಓರೆಗೆರೆ ಮಾತ್ರ ತುಂಡನ್ನು ತಲೆಕೆಳಗು ಮಾಡಿದರೂ ಹಾಗೆಯೇ ಕಾಣುವುದರಿಂದ ತಲೆಕೆಳಗಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅತ್ತಿಗೆ ಹಲ್ಲಿನಿಂದ ದಾರ ಕಡಿದು ಒಂದು ತುಂಡು ಬಿಚ್ಚಿದಳು. ತಿರುಗಿಸಿ ಪಿನ್ನು ಹಾಕಿದೆವು. ದೂರ ಹೋಗಿ ನೋಡಿದರೆ ಅಕ್ಕಪಕ್ಕದ ತುಂಡುಗಳಲ್ಲಿ ಅದು ಸೇರಿಹೋಗಿತ್ತು. ಏಜೆಂಟು ತನ್ನ ತುಂಡುಗಳನ್ನೆಲ್ಲ ಒಂದೇ ಮುಖವಾಗಿ ಇಟ್ಟಿದ್ದ, ಅದಕ್ಕೇ ಅವು ಒಂದೇ ಬಣ್ಣ.

ಅತ್ತಿಗೆ ನಕ್ಕಳು, ಆದರೆ ನಗು ಪೂರ್ತಿ ಬರಲಿಲ್ಲ. "ನಮ್ಮವ್ವ ಹೇಳ್ಕೊಟ್ಟ ಬುದ್ದಿ ಇಲ್ಲಿಗಾಗಲ್ವಲ್ಲೆ," ಅಂದಳು. ಕಾರಣ ಸಿಕ್ಕಿತ್ತು, ಆದರೆ ಎಡವಟ್ಟು ಅವಳದೇ ಆಗಿ ಉಳಿದಿತ್ತು.

ನಾನು ಆಗಲೇ ಮನಸ್ಸಿನಲ್ಲಿ ಸರಕು ಜೋಡಿಸುತ್ತಿದ್ದೆ. ಅವಳಿಗೆ ಸಲಹೆ ಕೊಟ್ಟೆ: ನನ್ನಿಂದ ತಪ್ಪಾಯಿತು ಅಂತ ಬಾಯಿ ತಪ್ಪಿಯೂ ಹೇಳಬೇಡ. ಬಟ್ಟೆಗೆ ದಿಕ್ಕಿದೆ ಅಂತ ಮಿಲ್ಲಿನವರು ಯಾರಿಗೂ ಹೇಳಲಿಲ್ಲ, ಹಾಗಾಗಿ ತಪ್ಪು ಅವರದು ಅಂತ ಶುರು ಮಾಡು. ಮೊದಲು ದೊಡ್ಡದು ಕೇಳು, ಆಮೇಲೆ ಕಿಟಕಿಗೆ ಬಾ. ಬೇಕಾದರೆ ನಾನೇ ಮಾತಾಡುತ್ತೇನೆ.

"ನೀನ್ ಸುಮ್ಕಿರು," ಅಂದಳು. "ಸಂತೆ ಮಾಡ್ಬೇಡ ಇದನ್ನ. ನಾನೇ ಹೇಳ್ತೀನಿ."

ಅವಳು ಮೆಟ್ಟಿಲಿಳಿದಳು, ನಾನು ಹಿಂದೆ ಹೋದೆ. ಮಾಲೀಕರು ಭಾನುವಾರವೂ ಬಂದು ಕೂರುವ ಜಾತಿ. ಕೆಳಗೆ ಕಟಿಂಗ್ ಮಾಸ್ತರು ಸೋಮವಾರದ ಕೆಲಸಕ್ಕೆ ಟೇಬಲ್ಲಿನ ಮೇಲೆ ಕಾಗದ ಹಾಸಿ ನೋಡುತ್ತಿದ್ದರು. ಪ್ಯಾಂಟಿನ ಕಾಲು, ಸೊಂಟ, ಜೇಬು ಯಾವುದನ್ನು ಎಲ್ಲಿ ಕತ್ತರಿಸಬೇಕು ಅಂತ ಗೆರೆ ಎಳೆದಿರುವ ಉದ್ದನೆಯ ಕಾಗದ ಅದು. ನಾನು ಅದನ್ನು ದಾಟಿಕೊಂಡು ಸೀದಾ ಮಾಲೀಕರ ಕೋಣೆಗೆ ನಡೆದೆ. ಅತ್ತಿಗೆ ಟೇಬಲ್ಲಿನ ಹತ್ತಿರವೇ ನಿಂತುಬಿಟ್ಟಳು. ಇಡೀ ಮೈ ತಿರುಗಿಸಿ ಕಾಗದವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

ಮಾಲೀಕರು ಹೊರಗೆ ಬಂದರು. ಮತ್ತೇನವಾ ಅಂತ ಕೇಳಿದರು, ಕೋಪವಿಲ್ಲದ ಆದರೆ ಬೇಗ ಮುಗಿಸು ಅನ್ನುವ ದನಿಯಲ್ಲಿ.

ಅತ್ತಿಗೆ ಕೌದಿಯನ್ನು ಟೇಬಲ್ಲಿನ ಮೇಲಿಟ್ಟಳು. "ತಪ್ಪು ನಂದೇ ಸಾವ್ಕಾರ್ರೆ. ಬಟ್ಟೇನ ತಲೆಕೆಳಗು ಮಾಡಿ ಹೊಲ್ದಿದ್ದೆ, ಅದಕ್ಕೆ ಎರಡು ಬಣ್ಣ ಬಂತು." ಮೊದಲ ಮಾತಿನಲ್ಲೇ ನನ್ನ ಚೌಕಾಸಿಯೆಲ್ಲ ನೀರಿನಲ್ಲಿ ಹೋಮವಾಯಿತು ಅಂದುಕೊಂಡೆ. ಅವಳು ಕಾಗದದ ಮೇಲೆ ಬೆರಳಿಟ್ಟಳು. "ನಾನ್ ಮಾಡಿದ್ ತಪ್ಪನ್ನೇ ನಾಳೆ ಈ ಟೇಬಲ್ ಮ್ಯಾಲೆ ಮಾಡ್ತವ್ರೆ."

ನಾನೂ ಆಗ ಕಾಗದ ನೋಡಿದೆ. ಒಂದು ಕಾಲಿನ ಸೊಂಟ ಆ ಕಡೆ, ಅದರ ಪಕ್ಕದ ಕಾಲಿನ ಸೊಂಟ ಈ ಕಡೆ. ಬಟ್ಟೆ ಉಳಿಸಲು ಎಲ್ಲ ಯೂನಿಟ್ಟಿನವರೂ ಹಾಗೆಯೇ ಹೆಣೆಯುತ್ತಾರೆ. ಇದೂ ಒಂದು ಕೌದಿಯೇ. ಹಾಗೆ ಕತ್ತರಿಸಿದ್ದರೆ ಆರ್ಡರಿನ ಪ್ರತಿಯೊಂದು ಪ್ಯಾಂಟಿಗೂ ಒಂದು ಕಾಲು ತಿಳಿ, ಒಂದು ಕಾಲು ಕಡು ಆಗುತ್ತಿತ್ತು. ಟ್ಯೂಬ್‌ಲೈಟಿನಲ್ಲಿ ಗೊತ್ತಾಗದೆ, ಹಾಕಿಕೊಂಡವನು ಬಿಸಿಲಿಗೆ ಬಂದಾಗ ಗೊತ್ತಾಗುತ್ತಿತ್ತು.

ಮಾಸ್ತರಿಗೆ ಇದು ಹಿಡಿಸಲಿಲ್ಲ. ಅವರು ಬಳ್ಳಾರಿಯಲ್ಲಿ ಕೈ ಪಳಗಿಸಿಕೊಂಡವರು, ಗೌರವದ ಮನುಷ್ಯರು. ಉಮರ್ ಭರ್, ಜೀವನಪೂರ್ತಿ ಹಿಂಗೇ ಕತ್ತರಿಸೀನಿ, ಯಾವ ಕಾಲೂ ವಾಪಸ್ ಬಂದಿಲ್ಲ ಅಂದರು. ಅತ್ತಿಗೆ ವಾದ ಮಾಡಲಿಲ್ಲ. ರೋಲಿನ ತುದಿಯ ವೇಸ್ಟಿನಲ್ಲಿ ಎರಡು ಕಾಲು ಕತ್ತರಿಸಿಕೊಡಿ ಮಾಸ್ತರೆ, ಒಂದು ಆ ಕಡೆ ಮುಖ, ಒಂದು ಈ ಕಡೆ ಮುಖ, ಅಂತ ಕೇಳಿದಳು. ಕತ್ತರಿಸಿಕೊಟ್ಟರು. ನಾವೆಲ್ಲ ಮಾಳಿಗೆ ಹತ್ತಿದೆವು. ಅವಳು ಆ ಎರಡು ಕಾಲನ್ನು ತನ್ನ ಸೊಂಟಕ್ಕೆ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತಳು.

ಮಾಲೀಕರು ಒಂದು ಸುತ್ತು ಹಾಕಿ ನೋಡಿದರು. ಮಾಸ್ತರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಆಮೇಲೆ ಮಾಸ್ತರೇ ಹೇಳಿದರು: "ಕಾಗದ ಹೊಸಾದು ಹಾಕ್ಬೇಕ್ರಿ. ಎಲ್ಲಾ ಒಂದಾ ಕಡಿ ಮುಖ." ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೋ, ಹೇಳಿದ ಮೇಲೆ ಅಷ್ಟೇ ಹಗುರವಾಗಿ ಇಳಿದುಹೋದರು.

ಬಟ್ಟೆ ಹೆಚ್ಚು ಬೇಕಾಗುತ್ತದೆ ಅಂತ ಮಾಲೀಕರು ಗೊಣಗಿದರು. ಇಲ್ಲಿ ನನಗೊಂದು ಸಂದು ಸಿಕ್ಕಿತು. ಬಟ್ಟೆಗೆ ದಿಕ್ಕಿದೆ ಅಂತ ಹೇಳದೆ ಕಳಿಸಿದ್ದು ಮಿಲ್ಲು, ಹೆಚ್ಚಿನ ಬಟ್ಟೆ ಅವರ ಹತ್ತಿರವೇ ಕೇಳಿ ಅಂದೆ. ಅವರ ಕಣ್ಣು ಹೊಳೆಯಿತು. ಅಂದ ಹಾಗೆ, ಅದರಲ್ಲಿ ಒಂದು ಪಾಲನ್ನು ಮಿಲ್ಲಿನವರು ಆಮೇಲೆ ಕೊಟ್ಟರು.

ನಿನಗೇನು ಬೇಕು ಕೇಳವಾ ಅಂದರು ಅತ್ತಿಗೆಗೆ. ನಾನು ಹಿಂದಿನಿಂದ ಅವಳ ಸೆರಗು ಜಗ್ಗಿದೆ. ದೊಡ್ಡದು ಕೇಳು ಅಂತ. ಅವಳು ಕೇಳಿದ್ದು, ಕೌದಿಗೆ ಕೊಡುವ ತುಂಡುಗಳನ್ನು ಸ್ಕೇಲು ಇಟ್ಟು ನೆಟ್ಟಗೆ ಕತ್ತರಿಸಬೇಕು, ಪ್ರತಿ ತುಂಡಿಗೂ ತಲೆ ಯಾವ ಕಡೆ ಅಂತ ಸೀಮೆಸುಣ್ಣದ ಬಾಣ ಹಾಕಬೇಕು, ಅಷ್ಟೇ. ಕೈಗೆ ಬಂದ ವ್ಯಾಪಾರ ಹಾಳು ಮಾಡಿದಳಲ್ಲ ಅಂತ ನನಗೆ ಹೊಟ್ಟೆ ಉರಿಯಿತು. ಮಾಲೀಕರು ಆಯಿತು ಅಂದರು. ಕಿಟಕಿಯ ಮಾತನ್ನು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಅವತ್ತು ಬೆಂಗಳೂರಿಗೆ ಬಸ್ಸು ಹತ್ತುವಾಗ, ಎಲ್ಲ ಕೇಳಿ ಅದೊಂದನ್ನು ಯಾಕೆ ಬಿಟ್ಟೆ ಅಂತ ಅವಳನ್ನು ಬೈದೇ ಹತ್ತಿದೆ.

ಬಸ್ಸು ಮಡಕಶಿರ ಸೇರುವ ಹೊತ್ತಿಗೆ ನನ್ನ ತಲೆಗೆ ಡಬ್ಬಿ ಬಂತು, ಲ್ಯಾಬಿನಲ್ಲಿ ಮಂಕು ಪೊರೆಗಳನ್ನು ಇಟ್ಟಿದ್ದ ಡಬ್ಬಿ. ನನ್ನ ಅಚ್ಚಿನ ಗೀರುಗಳು ನೆಟ್ಟಗೆ ನಿಂತವಲ್ಲ, ಒಂದು ಕಡೆಗೆ ವಾಲಿದವು, ಮಲಗಿದ ನವಿರಿನ ಹಾಗೆ. ಪೊರೆ ಗಾಜಿನಷ್ಟು ತಿಳಿ, ಎತ್ತಿಕೊಂಡ ಮೇಲೆ ಅದರ ತಲೆ ಯಾವುದು ಕಾಲು ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಕೈಗೆ ಬಂದ ಹಾಗೆ ಯಂತ್ರದಲ್ಲಿ ಇಡುತ್ತಿದ್ದೆ. ಮಾರನೆಯ ಬೆಳಿಗ್ಗೆ ಮಂಕು ಪೊರೆಯೊಂದನ್ನು ತಿರುಗಿಸಿ ಇಟ್ಟೆ. ಹೊಳೆಯಿತು. ಡಬ್ಬಿಯಲ್ಲಿದ್ದವೆಲ್ಲ ಹೊಳೆದವು. ಅವತ್ತಿನಿಂದ ಪೊರೆಯನ್ನು ಅಚ್ಚಿನಿಂದ ಬಿಡಿಸುವ ಮೊದಲೇ ತಲೆಯ ಗುರುತಿಗೆ ಒಂದು ಮೂಲೆ ಕತ್ತರಿಸುತ್ತೇನೆ. ಎಸೆಯಬೇಕಾಗಿದ್ದದ್ದೇ ನನ್ನ ಪ್ರಬಂಧದ ಒಳ್ಳೆಯ ಅಧ್ಯಾಯವಾಯಿತು, ಯಾಕೆಂದರೆ ತಿರುಗಿಸಿದರೆ ಬದಲಾಗುವ ಬೆಳಕಿಗೂ ಉಪಯೋಗವಿದೆ. ಮೂಲೆ ಕತ್ತರಿಸುವ ಪದ್ಧತಿ ಎಲ್ಲಿಯದು ಅಂತ ಗೈಡು ಕೇಳಿದರು. ನಮ್ಮ ಅತ್ತಿಗೆಯ ಯೂನಿಟ್ಟಿನದು ಅಂದೆ. ತಮಾಷೆ ಅಂದುಕೊಂಡರು.

ಪೊರೆ ಹೊಳೆದ ಆ ಸೋಮವಾರವೇ ಮಧ್ಯಾಹ್ನ ಊಟದ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಬೆಳಿಗ್ಗೆ ಅವಳು ಮಶೀನಿನ ಮುಂದೆ ಹೋಗಿ ಕೂತಿದ್ದಳಂತೆ. ಮಾಲೀಕರು ಬಾಗಿಲಲ್ಲೇ ನಿಂತು, ಕಿಟಕಿ ಹತ್ರ ಯಾರೂ ಇಲ್ಲ ಯಾಕ, ಬಾಣ ಯಾರು ಹಾಕವ್ರು, ಅಂತ ಕೇಳಿದರಂತೆ. ಯಾರ ಹೆಸರನ್ನೂ ಹೇಳಲಿಲ್ಲವಂತೆ. ಮಾಸ್ತರೇ ಸ್ಕೇಲು ಹಿಡಿದು ಕತ್ತರಿಸಿದ ತುಂಡುಗಳನ್ನು ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದರಂತೆ.

ಆಗ ನನಗೆ ಅವಳ ಲೆಕ್ಕ ತಿಳಿಯಿತು. ಜಾಗ ಕೇಳಿದ್ದರೆ ಕೊಡುವುದೋ ಬಿಡುವುದೋ ಅವರ ಕೈಯಲ್ಲಿರುತ್ತಿತ್ತು. ಅವಳು ಕೇಳಿದ್ದು ಅವಳಿಲ್ಲದೆ ನಡೆಯದ ಒಂದು ಪದ್ಧತಿಯನ್ನು. ಈಗ ಯಾರಿಗಾದರೂ ಸಲಹೆ ಕೊಡುವಾಗ ಇದನ್ನೂ ಸೇರಿಸಿ ಹೇಳುತ್ತೇನೆ, ನನ್ನದೇ ಬುದ್ಧಿ ಅನ್ನುವ ಹಾಗೆ.

ಆ ಮೊದಲ ಕೌದಿಯನ್ನು ಅವಳು ಪೂರ್ತಿ ಬಿಚ್ಚಿ, ಎಲ್ಲ ತಲೆಗಳನ್ನೂ ಒಂದೇ ಕಡೆ ಮಾಡಿ ಮತ್ತೆ ಹೊಲಿದಳು. ಭಾನುವಾರದ ಕ್ಲಾಸಿಗೆ ಈಗ ಅದೇ ಬೋರ್ಡು, ಮಾಳಿಗೆಯ ಗೋಡೆಯ ಮೇಲೆ ಹಾಕುತ್ತೇವೆ. ಬಣ್ಣ ಒಂದೇ, ಎಲ್ಲಿಯೂ ಒಡಕಿಲ್ಲ. ಆಕಾರ ಮಾತ್ರ ಬೀಸಣಿಗೆಯದು. ಒಂದು ಕಡೆ ಬಾಗಿದೆ, ಹೇಗೆ ಹಾಕಿದರೂ ಒಂದು ಮೂಲೆ ಜೋತುಬೀಳುತ್ತದೆ. ಹೊಸದಾಗಿ ಬಂದವರು ಇದೇನು ಸೊಟ್ಟ ಕೌದಿ ಅಂತ ನಗುತ್ತಾರೆ. ಅತ್ತಿಗೆ ಹಿಂದಿನ ಸಾಲಿನಲ್ಲಿ ಕೂತಿದ್ದರೆ, ಬರೀ ಕತ್ತು ತಿರುಗಿಸಿ ಅವರನ್ನು ನೋಡಿ, ಬಾ ಇಲ್ಲಿ, ಇದರ ತಲೆ ಯಾವ ಕಡೆ ಐತೆ ಮುಟ್ಟಿ ಹೇಳು, ಅನ್ನುತ್ತಾಳೆ.